ಗೂಬೆಹಳ್ಳಿಯ ಮೇಲ್ಕೇರಿ

ಜನವರಿ ೨೨, ಬುಧವಾರ. ಉಳಿದದ್ದು ೫೯ ದಿನ

ಐದು ವರ್ಷದ ದುಡಿಮೆಯ ನಂತರ ಕಂಪನಿಯಿಂದ ನನ್ನ ಬಳಿ ಉಳಿದದ್ದು ಒಂದು ನೀರಿನ ಬಾಟಲಿ, ಎರಡು ಟೀಶರ್ಟು ಮತ್ತು ಈ ನೋಟ್‌ಬುಕ್ಕು. ಬಾಟಲಿಯನ್ನು ಮಗಳು ತನ್ವಿ ಎತ್ತಿಕೊಂಡಳು. ಟೀಶರ್ಟುಗಳನ್ನು ಹೆಂಡತಿ ನಿರು ಒಲೆ ಒರೆಸಲು ಇಟ್ಟುಕೊಂಡಳು. ನೋಟ್‌ಬುಕ್ಕನ್ನು ಯಾರೂ ಕೇಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿನ್ನೆ ಬೆಳಗ್ಗೆ ಒಂಬತ್ತು ಹತ್ತಕ್ಕೆ ಈಮೇಲು ಬಂತು. ಒಂಬತ್ತೂಕಾಲಿಗೆ ಕಂಪನಿಯ ಲ್ಯಾಪ್‌ಟಾಪು ನನ್ನನ್ನು ಗುರುತು ಹಿಡಿಯುವುದನ್ನೇ ಬಿಟ್ಟಿತು. ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಬೇಕಾದ ದಿನವೂ ಆಗಿರಲಿಲ್ಲ. ವಾಲ್ನಟ್ ಕ್ರೀಕಿನ ಈ ಅಪಾರ್ಟ್‌ಮೆಂಟಿನಲ್ಲಿ, ಪೈಜಾಮದಲ್ಲಿ, ಕಾಫಿ ಲೋಟ ಹಿಡಿದುಕೊಂಡೇ ಕೆಲಸ ಕಳೆದುಕೊಂಡೆ. ಕಂಪ್ಯೂಟರಿನ ಮ್ಯಾಪಿನಲ್ಲಿ ಯಾವ ಊರಿನ ಹೆಸರು ಎಷ್ಟು ದಪ್ಪಗೆ ಕಾಣಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ಇನ್ನು ಮೇಲೆ ಊರುಗಳು ತಮ್ಮ ಪಾಡು ತಾವು ನೋಡಿಕೊಳ್ಳಬೇಕು.

ವೀಸಾ ನಿಯಮ ಹೀಗಿದೆ: ಕೆಲಸ ಹೋದ ಅರವತ್ತು ದಿನದೊಳಗೆ ಇನ್ನೊಂದು ಕಂಪನಿ ನನ್ನ ಕೈ ಹಿಡಿಯಬೇಕು. ಇಲ್ಲವಾದರೆ ಮಾರ್ಚ್ ೨೨ಕ್ಕೆ ದೇಶ ಬಿಡಬೇಕು. ನನ್ನ ವೀಸಾದ ಬಾಲ ಹಿಡಿದು ಬಂದ ನಿರುಪಮಾ ಕೂಡ. ಹತ್ತು ವರ್ಷದ ತನ್ವಿ ಇಲ್ಲೇ ಹುಟ್ಟಿದವಳು, ಅವಳು ಇರಬಹುದು. ಕಾನೂನಿನ ಪ್ರಕಾರ ಅವಳೊಬ್ಬಳೇ ಈ ಮನೆಯಲ್ಲಿ ಸಂಸಾರ ಮಾಡಿಕೊಂಡಿರಬಹುದು.

ನಿರು ಮೈಸೂರಿನಲ್ಲಿ ಡಾಕ್ಟರಾಗಿದ್ದವಳು. ಇಲ್ಲಿ ಡಾಕ್ಟರಾಗಬೇಕಾದರೆ ಮತ್ತೆ ಪರೀಕ್ಷೆ ಬರೆದು, ಯಾವುದಾದರೂ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ತರಬೇತಿ ಮಾಡಬೇಕು. ಪರೀಕ್ಷೆಗಳಾಗಿವೆ. ರೆಸಿಡೆನ್ಸಿಗೆ ಎರಡು ವರ್ಷ ಅರ್ಜಿ ಹಾಕಿದಳು, ಸಿಗಲಿಲ್ಲ. ಮೂರನೇ ಸಲವೂ ಹಾಕಿದ್ದಾಳೆ. ಹಾಕಲಿ. ಈಗ ತಲೆ ಕೆಡಿಸಿಕೊಳ್ಳಬೇಕಾದದ್ದು ನನ್ನ ಕೆಲಸದ ಬಗ್ಗೆ.

ಜನವರಿ ೨೭, ಸೋಮವಾರ. ಉಳಿದದ್ದು ೫೪ ದಿನ

ಮೂವತ್ತೊಂದು ಕಡೆ ಅರ್ಜಿ. ನಾಲ್ಕು ಕಡೆಯಿಂದ ಉತ್ತರ, ನಾಲ್ಕೂ ಯಂತ್ರ ಬರೆದವು. ಮೂರು ಯಂತ್ರಗಳು ನನ್ನನ್ನು 'ಡಿಯರ್ ಅನಂತ' ಎಂದವು, ಒಂದು 'ಡಿಯರ್ ನಾಭ' ಎಂದಿತು.

ಮನೆಯಲ್ಲಿ ಕೂತರೆ ನಿರುವಿಗೆ ತೊಂದರೆ ಎಂದು ಲೈಬ್ರರಿಗೆ ಹೋದೆ. ಅಲ್ಲಿಯ ನೋಟಿಸ್ ಬೋರ್ಡಿನಲ್ಲಿ, ಯೋಗ ಕ್ಲಾಸಿಗೂ ಕಳೆದುಹೋದ ಬೆಕ್ಕಿಗೂ ನಡುವೆ, ಒಂದು ಕಾರ್ಡಿತ್ತು. ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದೊಡ್ಡದು. 'ನಕ್ಷೆ ಬರೆಯಬಲ್ಲವರು ಬೇಕು. ತಾಳ್ಮೆ ಇರಬೇಕು. ಜೆಕ್ ಭಾಷೆ ಬರಬೇಕಿಲ್ಲ. ಸಂಬಳ: ಊಟ.'

ಈ ವಾರ ನನ್ನ ಅರ್ಹತೆಗೆ ಸರಿಹೊಂದಿದ ಜಾಹೀರಾತು ಇದೊಂದೇ. ಫೋನ್ ಮಾಡಿದೆ.

ಜನವರಿ ೩೦, ಗುರುವಾರ. ಉಳಿದದ್ದು ೫೧ ದಿನ

ಅವರ ಹೆಸರು ಲುದ್ಮಿಲಾ ವ್ರಾನೋವಾ. ಎಂಬತ್ತಾರು ವರ್ಷ. ಎತ್ತರ ನನ್ನ ಭುಜಕ್ಕೂ ಬರುವುದಿಲ್ಲ. ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದ ನನ್ನ ಮುಖ ನೋಡಬೇಕಾದಾಗಲೆಲ್ಲ ಗೋಡೆಯ ಕಡೆ ತಿರುಗುತ್ತಾರೆ. ಮೊದಲ ಹತ್ತು ನಿಮಿಷ ನನಗೆ ಗೋಡೆಯ ಮೇಲೆ ಅಸೂಯೆಯಾಯಿತು.

ಹೆಸರೇನು ಎಂದರು. ಎಲ್ಲರಿಗೂ ಹೇಳುವ ಹಾಗೆ 'ಅನಂತ್' ಎಂದೆ. ಪೂರ್ತಿ ಹೆಸರು ಕೇಳಿದರು. ಹೇಳಿದೆ. ಒಂದೇ ಸಲಕ್ಕೆ, ಒಂದು ಅಕ್ಷರವೂ ಉದುರದ ಹಾಗೆ 'ಅನಂತಪದ್ಮನಾಭ' ಎಂದರು. ಹದಿನಾಲ್ಕು ವರ್ಷದಲ್ಲಿ ಈ ದೇಶದಲ್ಲಿ ಹಾಗೆ ಅಂದ ಮೊದಲ ಪರಕೀಯರು. ಅವರ ಭಾಷೆಯಲ್ಲಿ ಸ್ವರವೇ ಇಲ್ಲದ ಶಬ್ದಗಳಿವೆಯಂತೆ, ನನ್ನ ಹೆಸರಿನಲ್ಲಿ ಉಸಿರಾಡಲು ಬೇಕಾದಷ್ಟು ಜಾಗ ಇದೆಯಂತೆ.

ಲುದ್ಮಿಲಾ ೧೯೬೮ರಲ್ಲಿ, ಜೆಕ್ ದೇಶಕ್ಕೆ ರಷ್ಯದ ಟ್ಯಾಂಕುಗಳು ಬಂದ ವರ್ಷ, ಊರು ಬಿಟ್ಟವರು. ಓಕ್ಲೆಂಡಿನಲ್ಲಿ ನಲವತ್ತು ವರ್ಷ ಮದುವೆಯ ಗೌನುಗಳನ್ನು ಹೊಲಿದರು. ಅವರ ಊರು ಸೋವೀ ಲ್ಹೋಟಾ. ಜನಸಂಖ್ಯೆ ನೂರ ನಲವತ್ತಮೂರು. ಆ ದೇಶದಲ್ಲಿ ಎಷ್ಟೇ ಚಿಕ್ಕ ಊರಾದರೂ ತನ್ನ ಚರಿತ್ರೆಯ ಪುಸ್ತಕ ಇಡಬೇಕು ಎಂದು ನೂರು ವರ್ಷದಿಂದ ಕಾನೂನೇ ಇದೆ. ಅವರ ಅಪ್ಪ ಊರಿನ ಮೇಷ್ಟ್ರು, ಆ ಪುಸ್ತಕ ಬರೆಯುತ್ತಿದ್ದವರೂ ಅವರೇ. ಈ ಜೂನಿಗೆ ಊರಿನ ಹೆಸರು ಮೊದಲು ದಾಖಲೆಯಾಗಿ ಆರುನೂರ ಐವತ್ತು ವರ್ಷ. ಹಳೆಯ ಹೊಲಗಳ, ದಾರಿಗಳ ಹೆಸರೆಲ್ಲ ಇರುವ ನಕ್ಷೆಯೊಂದು ಬೇಕೆಂದು ಊರಿನ ಮೇಯರಮ್ಮ ಕೇಳಿದ್ದಾರೆ. ಆ ಹೆಸರುಗಳನ್ನು ಬಲ್ಲವರು ಇಬ್ಬರಿದ್ದರು. ಒಬ್ಬರು ಹೋದ ವರ್ಷ ತೀರಿಕೊಂಡರು. ಇನ್ನೊಬ್ಬರು ಇವರು.

ಊಟಕ್ಕೆ ಪ್ಲಮ್ ಹಣ್ಣು ತುಂಬಿದ ಉಂಡೆ. ಮಾಂಸ ತಿನ್ನುವುದಿಲ್ಲ ಎಂದು ಹೆದರುತ್ತಾ ಹೇಳಿದ್ದೆ. ಬಂದದ್ದು ನಮ್ಮ ಸಿಹಿ ಕಡುಬಿನ ಅಣ್ಣನೋ ತಮ್ಮನೋ. ಎಂಟು ತಿಂದೆ.

ಫೆಬ್ರವರಿ ೩, ಸೋಮವಾರ. ಉಳಿದದ್ದು ೪೭ ದಿನ

ಬೆಳಗ್ಗೆ ಒಂದು ಇಂಟರ್‌ವ್ಯೂ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟಾರ್ಟಪ್ಪು, ಹುಡುಗನಿಗೆ ಇಪ್ಪತ್ತಾರು ವರ್ಷ ಇರಬೇಕು. ವೀಸಾ ಎಂದ ಕೂಡಲೇ ಅವನ ವಿಡಿಯೋ ಸ್ತಬ್ಧವಾಯಿತು. ನೆಟ್‌ವರ್ಕ್ ತೊಂದರೆಯೋ ಮನಸ್ಸಿನ ತೊಂದರೆಯೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಲುದ್ಮಿಲಾ ಮನೆ. ಅವರಿಗೆ ಉತ್ತರ ದಕ್ಷಿಣ ಹೇಳಿದರೆ ಆಗುವುದಿಲ್ಲ, ಬಟ್ಟೆಯ ಲೆಕ್ಕದಲ್ಲಿ ಹೇಳಬೇಕು. ಊರು ಒಂದು ತೋಳಿನ ಹಾಗಿದೆಯಂತೆ. ಭುಜದಲ್ಲಿ ಕಾಡು, ಮೊಣಕೈಯಲ್ಲಿ ಕೆರೆ, ಮಣಿಕಟ್ಟಿನಲ್ಲಿ ಪ್ರಾರ್ಥನಾ ಮಂದಿರ. 'ಇಲ್ಲಿ ಸ್ವಲ್ಪ ನೆರಿಗೆ ಹಿಡಿ' ಎನ್ನುತ್ತಾರೆ, ಅಲ್ಲೊಂದು ದಿಣ್ಣೆ ಇರುತ್ತದೆ. ನಾನು ಸ್ಯಾಟಲೈಟ್ ಚಿತ್ರ ತೆಗೆದು ನೋಡಿದರೆ ನೆರಿಗೆ ಸರಿಯಾಗಿ ಅಲ್ಲೇ ಇದೆ.

ಊರು ದಿಬ್ಬದ ನೆತ್ತಿಯಲ್ಲಿದೆ. ಫೈರ್ ಸ್ಟೇಷನ್ನಿನ ಮಾಡಿನ ಒಂದು ಇಳಿಜಾರಿನ ಮೇಲೆ ಬಿದ್ದ ಮಳೆ ಉತ್ತರ ಸಮುದ್ರಕ್ಕೆ ಹೋಗುತ್ತದೆ, ಇನ್ನೊಂದರ ಮೇಲೆ ಬಿದ್ದದ್ದು ಕಪ್ಪು ಸಮುದ್ರಕ್ಕೆ. ಚಿಕ್ಕವರಿದ್ದಾಗ ಮಕ್ಕಳು ಅಲ್ಲಿ ನಿಂತು, ಯಾರು ಎಷ್ಟು ದೂರ ಹೋಗುತ್ತಾರೆ ಎಂದು ಉಗುಳುತ್ತಿದ್ದರಂತೆ. ಲುದ್ಮಿಲಾ ಯಾವಾಗಲೂ ಕಪ್ಪು ಸಮುದ್ರದ ಪಾರ್ಟಿ.

ಫೆಬ್ರವರಿ ೬, ಗುರುವಾರ. ಉಳಿದದ್ದು ೪೪ ದಿನ

ಲ್ಹೋಟಾ ಎಂದರೆ ಏನು ಎಂದು ಕೇಳಿದೆ. ಹಿಂದೆ ದೊರೆಗಳು ಕಾಡು ಕಡಿದು ಊರು ಕಟ್ಟಲು ಜನರನ್ನು ಕರೆಸುತ್ತಿದ್ದರು. ಮೊದಲ ಕೆಲವು ವರ್ಷ ಕಂದಾಯ ಇಲ್ಲ. ಆ ವಿನಾಯಿತಿಯ ಗಡುವಿಗೆ ಅವರ ಭಾಷೆಯಲ್ಲಿರುವ ಶಬ್ದದಿಂದಲೇ ಊರಿಗೆ ಹೆಸರು. ಹಾಗಾಗಿ ಆ ದೇಶದಲ್ಲಿ ನೂರಾರು ಲ್ಹೋಟಾಗಳಿವೆ, ನಮ್ಮಲ್ಲಿ ಹೊಸಹಳ್ಳಿಗಳಿದ್ದ ಹಾಗೆ. ಗಡುವು ಮುಗಿದ ಮೇಲೆ ಜನ ಏನು ಮಾಡುತ್ತಿದ್ದರು ಎಂದು ಕೇಳಿದೆ. 'ಏನು ಮಾಡುತ್ತಾರೆ, ಅಷ್ಟು ಹೊತ್ತಿಗೆ ಆಲೂಗಡ್ಡೆ ಹಾಕಿಯಾಗಿರುತ್ತಿತ್ತು' ಎಂದರು. ಆರುನೂರ ಐವತ್ತು ವರ್ಷದ ಹಿಂದೆ ಯುರೋಪಿನಲ್ಲಿ ಆಲೂಗಡ್ಡೆ ಇರಲಿಲ್ಲ ಎಂದು ನಾನು ಹೇಳಲಿಲ್ಲ. ಗೌರವ.

ಸೋವೀ ಎಂದರೆ ಗೂಬೆಯ ಎಂದು ಅರ್ಥ. ಮನೆಗೆ ಬಂದು ಹೇಳಿದಾಗ ನಿರು ನಕ್ಕಳು. ಕೆಲಸ ಹೋದ ಮೇಲೆ ಈ ಮನೆಯಲ್ಲಿ ಮೊದಲ ನಗು.

"ಅಂದ್ರೆ ಗೂಬೆಹಳ್ಳಿ ಅನ್ನಿ," ಎಂದಳು. "ಕೆಲ್ಸ ಹೋಗಿದ್ದು ಸಾಲ್ದು ಅಂತ ಗೂಬೆಹಳ್ಳಿಗೆ ನೌಕರಿಗೆ ಸೇರಿದೀರ."

ಇನ್ನು ಮೇಲೆ ನಮ್ಮ ಮನೆಯಲ್ಲಿ ಅದು ಗೂಬೆಹಳ್ಳಿಯೇ.

ಇನ್ನೊಂದು ವಿಷಯ. ನಾನು ಕೆಲಸ ಮಾಡಿದ ಮ್ಯಾಪಿನಲ್ಲಿ ಹುಡುಕಿದರೆ, ತೀರಾ ಹತ್ತಿರ ಹೋಗುವವರೆಗೂ ಈ ಊರಿನ ಹೆಸರು ಕಾಣುವುದಿಲ್ಲ. ಇನ್ನೂರಕ್ಕಿಂತ ಕಡಿಮೆ ಜನ ಇದ್ದರೆ ಹೆಸರು ಮರೆಮಾಡು ಎಂಬ ನಿಯಮ ಬರೆದವನು ನಾನೇ. ಇದನ್ನು ಲುದ್ಮಿಲಾಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಇವತ್ತು ಹೇಳಿದೆ. ಐವತ್ತೇಳು ಜನ ಕಡಿಮೆ ಬಿತ್ತು ಎಂದೆ. ಅವರು ಲೆಕ್ಕ ಹಾಕಿ, ಸತ್ತವರನ್ನು ಸೇರಿಸಿಕೊಂಡರೆ ಆಗುತ್ತದಾ ಎಂದು ಕೇಳಿದರು.

ಫೆಬ್ರವರಿ ೧೦, ಸೋಮವಾರ. ಉಳಿದದ್ದು ೪೦ ದಿನ

ಮೇಯರಮ್ಮ ಊರಿನ ಪುಸ್ತಕದ ಫೋಟೋಗಳನ್ನು ಕಳಿಸಿದ್ದಾರೆ. ನಾನು ಫೋನಿನಲ್ಲಿ ಭಾಷಾಂತರ ಮಾಡಿ ಗಟ್ಟಿಯಾಗಿ ಓದುವುದು, ಲುದ್ಮಿಲಾ ತಿದ್ದುವುದು. 'ಆ ಚಳಿಗಾಲದಲ್ಲಿ ಮೀನುಗಳು ಪಾದ್ರಿಯ ಮೇಲೆ ಕೋಪಿಸಿಕೊಂಡವು' ಎಂದು ಫೋನು ಹೇಳಿತು. ಕೆರೆ ಹೆಪ್ಪುಗಟ್ಟಿ ಪಾದ್ರಿಯ ಪಾಲಿನ ಮೀನು ಸತ್ತವು ಎಂದು ಅರ್ಥವಂತೆ.

ಅಪ್ಪ ಮೇಷ್ಟ್ರು ಎಲ್ಲ ಬರೆದಿದ್ದಾರೆ. ಯಾರ ಮನೆಗೆ ರೇಡಿಯೋ ಬಂತು, ಯಾವ ಹಸುವಿಗೆ ಅವಳಿ ಕರು. ೧೯೪೨ರಲ್ಲಿ ಅವರ ಸ್ವಂತ ತಮ್ಮನನ್ನು ಜರ್ಮನ್ ಪೊಲೀಸರು ಕರೆದೊಯ್ದದ್ದು, ಅವನು ವಾಪಸು ಬಾರದ್ದು, ಎರಡು ಪುಟ. ೧೯೪೫ ಹನ್ನೊಂದು ಪುಟ. ೧೯೪೬ಕ್ಕೆ ಬಂದರೆ ಒಂದೇ ಸಾಲು: 'ಈ ವರ್ಷ ಪ್ಲಮ್ ಚೆನ್ನಾಗಿ ಬಂತು.'

ಫೋನು ಮಿಕ್ಕದ್ದನ್ನು ನುಂಗಿತೋ ಎಂದು ಮತ್ತೆ ನೋಡಿದೆ. ಇಲ್ಲ, ಅಷ್ಟೇ. ಲುದ್ಮಿಲಾ ಮುಂದಿನ ವರ್ಷಕ್ಕೆ ಹೋಗು ಎಂದರು.

ಫೆಬ್ರವರಿ ೧೨, ಬುಧವಾರ

ನಿನ್ನ ಹೆಂಡತಿ ಏನು ಮಾಡುತ್ತಾರೆ ಎಂದು ಲುದ್ಮಿಲಾ ಕೇಳಿದರು. ಮನೆಯಲ್ಲಿದ್ದಾಳೆ ಎಂದೆ. ಮನೆಯಲ್ಲಿ ಏನು ಮಾಡುತ್ತಾರೆ ಎಂದರು. ಡಾಕ್ಟರು ಎಂದೆ. ಅವರು ಗೋಡೆಯ ಕಡೆ ತಿರುಗಿ ನನ್ನನ್ನು ಸುಮಾರು ಹೊತ್ತು ನೋಡಿದರು.

ರಾತ್ರಿ ಊಟದ ಹೊತ್ತಿಗೆ ನಿರುವನ್ನು ಈ ಸಲ ಎಷ್ಟು ಆಸ್ಪತ್ರೆಯವರು ಇಂಟರ್‌ವ್ಯೂಗೆ ಮಾತಾಡಿಸಿದರು ಎಂದು ಕೇಳಿದೆ. ಏಳು ಎಂದಳು. ಹೋದ ಎರಡು ವರ್ಷ ಒಂದೊಂದೇ ಇತ್ತು. ಆ ಏಳು ಮಾತುಕತೆಗಳೂ ಪಕ್ಕದ ಕೋಣೆಯಲ್ಲೇ ನಡೆದಿವೆ, ನಾನು ಮನೆಯಲ್ಲಿದ್ದಾಗಲೇ. ಬಾಗಿಲು ಹಾಕಿಕೊಂಡು ಅವಳ ಅಮ್ಮನ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡಿದ್ದೆ.

ಫೆಬ್ರವರಿ ೧೫, ಶನಿವಾರ

ನಕ್ಷೆ ಚಂದ ಆಗುತ್ತಿದೆ. ಹೊಲಗಳ ಹೆಸರು: ನರಕದ ಪಕ್ಕ, ಅಜ್ಜಿಯ ಮೊಣಕಾಲು, ಸಾಲದ ಹುಲ್ಲು, ಇಲ್ಲಿ ಮಾತಾಡಬೇಡ. ಕೊನೆಯದು ಯಾಕೆ ಎಂದು ಲುದ್ಮಿಲಾಗೂ ಗೊತ್ತಿಲ್ಲ, ಅಲ್ಲಿ ಯಾರೂ ಮಾತಾಡದ ಕಾರಣ ಕೇಳಲಿಕ್ಕೂ ಆಗಲಿಲ್ಲವಂತೆ.

ಇವತ್ತು ನಿರು, ತನ್ವಿ ಕೂಡ ಬಂದಿದ್ದರು. ನಿರು ಕೋಡುಬಳೆ ತಂದಿದ್ದಳು. ಲುದ್ಮಿಲಾ ಒಂದನ್ನು ಬೆರಳಿಗೆ ಹಾಕಿಕೊಂಡು, ಇಲ್ಲಿಗೆ ನನಗೆ ಮೂರನೇ ಮದುವೆಯಾಯಿತು ಎಂದರು.

ಫೆಬ್ರವರಿ ೧೯, ಬುಧವಾರ

ಕೆಟ್ಟ ದಿನ. ಸುಮ್ಮನೆ ಇರಬಹುದಿತ್ತು.

ಆ ದೇಶದ ಸರ್ಕಾರ ವಿಮಾನದಿಂದ ಲೇಸರ್ ಬಿಟ್ಟು ನೆಲವನ್ನು ಅಳೆದಿಟ್ಟಿದೆ. ಹುಲ್ಲು, ಮರ ಎಲ್ಲ ತೆಗೆದುಬಿಟ್ಟರೆ ಬರೀ ಮಣ್ಣಿನ ಏರು ತಗ್ಗು ಕಾಣುತ್ತದೆ. ನಿನ್ನೆ ಆ ಚಿತ್ರವನ್ನು ನಮ್ಮ ನಕ್ಷೆಯ ಕೆಳಗೆ ಇಟ್ಟೆ. ಎಲ್ಲ ಕೂಡಿತು. ಆದರೆ ಊರಿನ ಮೇಲ್ತುದಿಯಲ್ಲಿ, ನಾವು ಬರೀ 'ಪ್ಲಮ್ ತೋಟ' ಎಂದು ಬರೆದ ಕಡೆ, ಐದು ಚೌಕಗಳು. ಅಳತೆ ನೋಡಿದರೆ ಮನೆಯ ಪಾಯ. ಅವುಗಳ ಮುಂದೆ ಒಂದು ದಾರಿಯ ಗುರುತೂ ಇದೆ.

ಮರೆತಿರಬೇಕು ಎಂದುಕೊಂಡು, ಉಪಕಾರ ಮಾಡುವವನ ಹಾಗೆ ಹೇಳಿದೆ. ಅಲ್ಲಿ ಏನೂ ಇಲ್ಲ ಎಂದರು. ಇದೆ, ಐದು ಮನೆ ಎಂದೆ. ಇಲ್ಲ ಎಂದರು. ನಾನು, ದಡ್ಡ, ಲ್ಯಾಪ್‌ಟಾಪು ತಿರುಗಿಸಿ ತೋರಿಸಹೋದೆ, ಕಣ್ಣೇ ಕಾಣದವರಿಗೆ. ಆಮೇಲೆ ೧೯೪೬ರಲ್ಲಿ ಒಂದೇ ಸಾಲು ಯಾಕೆ ಎಂದೂ ಕೇಳಿದೆ.

ಅವರು ಎದ್ದು ಹೋಗಿ ಬಾಗಿಲು ತೆರೆದು ಹಿಡಿದುಕೊಂಡರು. "ನಾನು ಕೇಳಿದ್ದು ನಕ್ಷೆ ಬರೆಯುವವನನ್ನು," ಎಂದರು. "ಪೊಲೀಸನ್ನಲ್ಲ."

ಫೆಬ್ರವರಿ ೨೧

ಫೋನ್ ಎತ್ತುತ್ತಿಲ್ಲ.

ಫೆಬ್ರವರಿ ೨೪

ಸ್ಯಾನ್ ಹೋಸೆಯ ಒಂದು ಕಂಪನಿ ಎರಡನೇ ಸುತ್ತಿಗೆ ಕರೆದಿದೆ ಎಂದು ಮೇಲು ಬಂದು ಮೂರು ದಿನವಾಗಿತ್ತಂತೆ. ನಾನು ನೋಡಿರಲಿಲ್ಲ. ಉತ್ತರ ಬರೆದೆ. ಜಾಗ ತುಂಬಿದೆ ಎಂದರು.

ನಿರುವಿಗೆ ಗೂಬೆಹಳ್ಳಿಯ ಸಂಗತಿ ಎಲ್ಲ ಹೇಳಿದೆ. ಅವಳು ಆ ದೇಶದ ಚರಿತ್ರೆಯನ್ನು ಹುಡುಕಿ ಓದಿದಳು. ಯುದ್ಧ ಮುಗಿದ ಮೇಲೆ ಅಲ್ಲಿದ್ದ ಜರ್ಮನ್ ಭಾಷೆಯ ಜನರನ್ನೆಲ್ಲ, ತಲೆತಲಾಂತರದಿಂದ ಇದ್ದವರನ್ನೂ, ಹೊರಗೆ ಹಾಕಿದರು. ಲಕ್ಷಗಟ್ಟಲೆ ಜನ, ಹೆಚ್ಚಿನವರನ್ನು ೧೯೪೬ರಲ್ಲಿ.

"ಅವ್ರಿಗೆ ಆಗ ಎಂಟು ವರ್ಷ," ಎಂದಳು ನಿರು. "ತನ್ವಿಗಿಂತ ಚಿಕ್ಕೋರು. ನೀವು ಇಂಜಿನಿಯರ್ ಥರ ಕೇಳಿದೀರ. ಬಗ್ ಸಿಕ್ತು ಅನ್ನೋ ಹಾಗೆ."

ಅವಳು ಹೇಳಿದ್ದು ಸರಿ. ಹೋಗಿ ಬಾಗಿಲು ತಟ್ಟಲಾ ಎಂದೆ. ಬೇಡ, ಅವರಾಗಿ ಕರೆಯಲಿ ಎಂದಳು. ರೋಗಿಗಳ ಜೊತೆ ಇವಳು ಹೇಗಿರುತ್ತಿದ್ದಳೋ, ನಾನು ಒಂದು ದಿನವೂ ನೋಡಿಲ್ಲ.

ಫೆಬ್ರವರಿ ೨೮, ಶುಕ್ರವಾರ

ಬೆಳಗ್ಗೆ ಏಳಕ್ಕೆ ಲುದ್ಮಿಲಾ ಫೋನ್ ಮಾಡಿದರು. 'ಅನಂತಪದ್ಮನಾಭ, ಉಂಡೆ ಮಾಡಿದ್ದೇನೆ' ಎಂದಷ್ಟೇ ಹೇಳಿ ಇಟ್ಟರು.

ಹೋದೆ. ತಿಂದೆವು. ಅವರು ಕೈ ಒರೆಸಿಕೊಂಡು, ನಕ್ಷೆಯ ಮೇಲ್ತುದಿ ಎಲ್ಲಿ ಎಂದು ಕೇಳಿದರು. ಅವರ ಬೆರಳನ್ನು ಹಿಡಿದು ಅಲ್ಲಿ ಇಟ್ಟೆ. ಆಮೇಲೆ ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆದಿಡುತ್ತೇನೆ.

"ಮೇಲ್ಕೇರಿ ಅನ್ನುತ್ತಿದ್ದೆವು. ಐದು ಮನೆ. ಮನೆಯಲ್ಲಿ ಜರ್ಮನ್, ಅಂಗಡಿಯಲ್ಲಿ ಜೆಕ್, ಬೈಯುವಾಗ ಎರಡೂ. ಟ್ರೂಡಿ ಇಪ್ಪತ್ತಾರನೇ ನಂಬರಿನವಳು. ನನಗಿಂತ ಒಂದು ವರ್ಷ ದೊಡ್ಡವಳು. ಮಾಡಿನ ಕೆಳಗೆ ನಿಂತು ಉಗುಳುತ್ತಿದ್ದೆವಲ್ಲ, ಅವಳು ಉತ್ತರ ಸಮುದ್ರ. ನಾನು ಕಪ್ಪು ಸಮುದ್ರ."

೧೯೪೬ರ ಆಗಸ್ಟಿನಲ್ಲಿ ಒಂದು ಲಾರಿ ಬಂತಂತೆ. ತಲೆಗೆ ಐವತ್ತು ಕಿಲೋ ಸಾಮಾನು, ಮನೆಯ ಬೀಗದ ಕೈ ಬಾಗಿಲಲ್ಲೇ ಬಿಡಬೇಕು. ಇಡೀ ಊರು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿತು. ಟ್ರೂಡಿ ಲಾರಿಯ ಮೇಲೆ ಕೂತು ಲುದ್ಮಿಲಾರ ಮನೆಯ ಕಿಟಕಿಯನ್ನೇ ನೋಡುತ್ತಿದ್ದಳು. ಲುದ್ಮಿಲಾ ಪರದೆ ಸರಿಸಲಿಲ್ಲ.

"ಸೆಪ್ಟೆಂಬರಿನಲ್ಲಿ ಅವರ ತೋಟದ ಪ್ಲಮ್ ಹಣ್ಣಾಯಿತು. ಯಾರೋ ಕಿತ್ತರು, ಆಮೇಲೆ ಎಲ್ಲರೂ ಕಿತ್ತೆವು. ಅಪ್ಪ ಸುಳ್ಳು ಬರೆಯಲಿಲ್ಲ ನೋಡು. ನಿಜವಾಗಿಯೂ ಚೆನ್ನಾಗಿ ಬಂದಿತ್ತು."

ಅವರು ಮುಗಿಸಿರಲಿಲ್ಲ.

"ಅಮ್ಮ ಟ್ರೂಡಿಯ ಮನೆಯಿಂದ ಹೊಲಿಗೆ ಮೆಶಿನ್ನು ತಂದರು. ಯಾರಾದರೂ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ, ನಾವು ತೆಗೆದುಕೊಂಡರೆ ಕಾಪಾಡಿದ ಹಾಗೆ ಅಂದರು. ನಾನು ಹೊಲಿಗೆ ಕಲಿತದ್ದು ಅದರ ಮೇಲೆ. ಈ ದೇಶದಲ್ಲಿ ನಲವತ್ತು ವರ್ಷ ಅನ್ನ ತಿಂದದ್ದು ಆ ಕಲಿತದ್ದರಿಂದ. ಸಾವಿರ ಮದುಮಗಳಂದಿರಿಗೆ ಹೊಲಿದೆ. ಪ್ರತಿಸಲ ಸೂಜಿಗೆ ದಾರ ಹಾಕುವಾಗ ಗೊತ್ತಿತ್ತು, ಯಾರ ಮೆಶಿನ್ನು ಅಂತ."

ಅಪ್ಪ ಬರೆಯಲಿಲ್ಲ, ನಾನೂ ಬರೆಯದೆ ಸತ್ತರೆ ಅಲ್ಲಿ ಬರೀ ಹುಲ್ಲು ಎಂದರು. ಐದು ಮನೆ ಹಾಕು ಎಂದರು. ಹಾಕಿದೆ. ಒಂದೊಂದು ಮನೆಗೂ ನಂಬರು, ಮನೆತನದ ಹೆಸರು, ಬಾಗಿಲು ಯಾವ ಕಡೆ, ಮುಂದೆ ಯಾವ ಮರ. ಟ್ರೂಡಿಯ ಮನೆಯ ಬಾಗಿಲಿನ ಎಡಕ್ಕೆ ಒಂದು ಪೇರ್ ಹಣ್ಣಿನ ಮರ. ಕತ್ತಲಾಗುವವರೆಗೂ ಕೂತೆವು. ಮನೆಗೆ ಬರುತ್ತಾ ಕಾರಿನಲ್ಲಿ ರೇಡಿಯೋ ಹಾಕಲಿಲ್ಲ.

ಮಾರ್ಚ್ ೪, ಮಂಗಳವಾರ

೧೯೪೬ನೇ ಇಸವಿಯ ಪುಟವನ್ನು ಲುದ್ಮಿಲಾ ಹೇಳಿ ಬರೆಸಿದರು. ಒಂದು ಪುಟ ಸಾಲದೆ ಎರಡಾಯಿತು. ಕೊನೆಯ ಸಾಲು: 'ಇಪ್ಪತ್ತಾರನೇ ನಂಬರಿನ ಹೊಲಿಗೆ ಮೆಶಿನ್ನು ಒಂಬತ್ತನೇ ನಂಬರಿಗೆ, ಅಂದರೆ ನಮ್ಮ ಮನೆಗೆ ಬಂತು, ನಾನು ಹೊಲಿಗೆ ಕಲಿತದ್ದು ಅದರ ಮೇಲೆ.'

ಮೇಯರಮ್ಮನಿಗೆ ಫೋನ್ ಮಾಡಿದೆವು. ಒಳ್ಳೆಯ ಹೆಂಗಸು, ಅವರಿಗೂ ಕಷ್ಟ. ಊರಿನ ಅರ್ಧ ಮನೆಗಳಲ್ಲಿ ಯಾವುದೋ ಒಂದು ಬೀರು, ಒಂದು ಗಡಿಯಾರ ಎಲ್ಲಿಂದ ಬಂತು ಎಂದು ಯಾರೂ ಮಾತಾಡುವುದಿಲ್ಲವಂತೆ. ಜೂನಿನ ಹಬ್ಬದ ದಿನ ಎಲ್ಲರೂ ನೋಡುವ ಗೋಡೆಯ ಮೇಲೆ ಇದು ಬೇಕೇ ಎಂದರು. ಐದು ಮನೆ ಇಲ್ಲವಾದರೆ ನಕ್ಷೆಯೂ ಇಲ್ಲ ಎಂದರು ಲುದ್ಮಿಲಾ. ಕೌನ್ಸಿಲ್ ಮುಂದೆ ಇಡುತ್ತೇನೆ ಎಂದು ಮೇಯರಮ್ಮ ಹೇಳಿದರು. ಏಳು ಜನ ಸದಸ್ಯರು.

ಮಾರ್ಚ್ ೧೧, ಮಂಗಳವಾರ

ನಾಲ್ಕಕ್ಕೆ ಮೂರು. ನಮ್ಮ ಕಡೆ ನಾಲ್ಕು.

ಬೇಡ ಎಂದ ಮೂವರಲ್ಲಿ ಒಬ್ಬ ಲುದ್ಮಿಲಾರ ಸ್ವಂತ ಅಣ್ಣನ ಮಗ. ಬೇಕು ಎಂದವರಲ್ಲಿ ಕೊನೆಯವನು ಊರಿನ ಫೈರ್ ಬ್ರಿಗೇಡಿನ ಮುಖ್ಯಸ್ಥ. ಅವನು ಒಂದು ಷರತ್ತು ಹಾಕಿದನಂತೆ: ಗೋಡೆಗೆ ಹಾಕುವ ಮುಂಚೆ ಇದನ್ನು ಹೋದವರಿಗೆ ತೋರಿಸಬೇಕು, ಅವರ ಮನೆ ಅವರಿಗೇ ಗೊತ್ತು. ಆ ಕಡೆಯಿಂದ ಹೋದವರದ್ದೊಂದು ಸಂಘ ಜರ್ಮನಿಯಲ್ಲಿದೆ. ಮೇಯರಮ್ಮ ನಕ್ಷೆಯನ್ನೂ ೧೯೪೬ರ ಪುಟಗಳನ್ನೂ ಅವರಿಗೆ ಕಳಿಸಿದ್ದಾರೆ.

ಸುದ್ದಿ ಹೇಳಲು ಮನೆಗೆ ಓಡಿ ಬಂದರೆ ನಿರು ವಿಮಾನದ ಟಿಕೆಟ್ಟು ನೋಡುತ್ತಿದ್ದಳು. ಇನ್ನು ಎಷ್ಟು ದಿನ ಇದೆ ಎಂದು ಕೇಳಿದಳು. ಬೆರಳು ಮಡಚಿ ಎಣಿಸಬೇಕಾಯಿತು. ಹನ್ನೊಂದು. ಇಪ್ಪತ್ತೆರಡರ ಸಂಜೆಗೆ ಮೂರು ಟಿಕೆಟ್ಟು ತೆಗೆದುಕೊಂಡೆವು. ತನ್ವಿಗೆ ಹೇಳಿದೆವು. "ಫರೆವರ್?" ಎಂದು ಕೇಳಿದಳು. ಗೊತ್ತಿಲ್ಲ ಪುಟ್ಟ, ಎಂದೆ. ಅವಳು ಯೋಚಿಸಿ, "ಓಕೆ, ಬಟ್ ಐ'ಮ್ ನಾಟ್ ಡ್ರಿಂಕಿಂಗ್ ದಟ್ ಮಿಲ್ಕ್," ಎಂದಳು. ಮೈಸೂರಿನ ಹಾಲಿನ ಕೆನೆಯನ್ನು ಅವಳು ನಾಲ್ಕು ವರ್ಷವಾದರೂ ಮರೆತಿಲ್ಲ.

ವಿಚಿತ್ರವೆಂದರೆ ಚೆನ್ನಾಗಿ ನಿದ್ದೆ ಬರುತ್ತಿದೆ.

ಮಾರ್ಚ್ ೧೭, ಸೋಮವಾರ

ರೆಸಿಡೆನ್ಸಿಯ ಫಲಿತಾಂಶ ಎರಡು ಕಂತಿನಲ್ಲಿ ಬರುತ್ತದೆ. ಸೋಮವಾರ, ಸಿಕ್ಕಿತೋ ಇಲ್ಲವೋ. ಶುಕ್ರವಾರ, ಎಲ್ಲಿ. ಹೋದ ಎರಡು ವರ್ಷ ಆ ಸೋಮವಾರಗಳಲ್ಲಿ ನಾನು ಮೆನ್ಲೋ ಪಾರ್ಕಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದೆ. ಅವಳು ಒಬ್ಬಳೇ ನೋಡಿ, ಲ್ಯಾಪ್‌ಟಾಪು ಮುಚ್ಚಿ, ಸಂಜೆಗೆ ಹುಳಿ ಮಾಡಿಟ್ಟಿದ್ದಳು. ಬಂದು ಏನಾಯಿತು ಎಂದು ಕೇಳಿ, ಪರವಾಗಿಲ್ಲ ಬಿಡು ಎಂದಿದ್ದೆ. ಎರಡು ಸಲವೂ ಅದೇ ಮಾತು.

ಇವತ್ತು ಏಳು ಗಂಟೆಗೆ ಅಡುಗೆಮನೆಯ ಕಟ್ಟೆಗೆ ಒರಗಿ ಇಬ್ಬರೂ ನಿಂತಿದ್ದೆವು. ಮೇಲು ಬಂತು. ಅವಳು ತೆರೆಯಲಿಲ್ಲ, ಫೋನನ್ನು ನನ್ನ ಕೈಗೆ ಕೊಟ್ಟಳು. ಇದು ನಿನ್ನದು, ನೀನೇ ಓದು ಎಂದು ವಾಪಸು ಕೊಟ್ಟೆ.

ಓದಿದಳು. ನೆಲದ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ.

"ಸಿಕ್ತು ಕಣ್ರೀ," ಎಂದಳು, ಬಹಳ ಮೆಲ್ಲಗೆ.

ತನ್ವಿ ಬಂದು, ನಾವಿಬ್ಬರೂ ನೆಲದ ಮೇಲೆ ಕೂತು ಅಳುತ್ತಿದ್ದದ್ದನ್ನು ನೋಡಿ, ತಾನೇ ಸೀರಿಯಲ್ ಹಾಕಿಕೊಂಡು ತಿಂದು ಸ್ಕೂಲಿಗೆ ಹೊರಟಳು.

ಮಾರ್ಚ್ ೨೧, ಶುಕ್ರವಾರ

ಫ್ರೆಸ್ನೋ. ಬೇಸಿಗೆಯಲ್ಲಿ ರಾಯಚೂರಿಗೆ ಸವಾಲು ಹಾಕುವ ಊರು ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನಿರು ಮುಖ ನೋಡಿದರೆ ಊಟಿಗೆ ಹೊರಟವಳ ಹಾಗಿದೆ. ಆಸ್ಪತ್ರೆಯವರೇ ಅವಳಿಗೆ ವೀಸಾ ಮಾಡಿಸುತ್ತಾರೆ. ನಾಳೆ ಮೈಸೂರಿಗೆ ಹೋಗಿ, ಅಲ್ಲಿ ಕಾಗದಪತ್ರ ಮುಗಿಸಿ, ಜೂನ್ ಕೊನೆಗೆ ಮೂವರೂ ವಾಪಸು. ಈಗ ನಾನು ಅವಳ ವೀಸಾದ ಬಾಲ. ಬೆಳಗ್ಗೆ ಅವಳಿಗೆ ಇಸ್ತ್ರಿ ಮಾಡಿಕೊಡುವುದು ಹೇಗೆ ಎಂದು ಅಭ್ಯಾಸ ಮಾಡಬೇಕು ಎಂದೆ. ನಿಮ್ಮ ಶರ್ಟನ್ನೇ ಸುಡ್ತೀರ, ನನ್ನ ಕೋಟು ಮುಟ್ಟಬೇಡಿ ಎಂದಳು.

ಸಾಮಾನು ಕಟ್ಟುವುದರಲ್ಲಿ ಮುಳುಗಿದ್ದೇವೆ. ಲುದ್ಮಿಲಾಗೆ ಫೋನಿನಲ್ಲಿ ಹೇಳಿದೆ. ಅವರು ಫೋನನ್ನು ನಿರುವಿಗೆ ಕೊಡು ಎಂದು, ಅವಳ ಜೊತೆಯೇ ಇಪ್ಪತ್ತು ನಿಮಿಷ ಮಾತಾಡಿದರು. ನನ್ನ ಹತ್ತಿರ ಮಾತಾಡಲು ಏನೂ ಉಳಿದಿರಲಿಲ್ಲವಂತೆ.

ಮಾರ್ಚ್ ೨೨, ಶನಿವಾರ

ಸಂಜೆ ವಿಮಾನ. ಬೆಳಗ್ಗೆ ವಿದಾಯ ಹೇಳಲು ಲುದ್ಮಿಲಾ ಮನೆಗೆ ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಮೇಯರಮ್ಮ ಒಂದು ಪತ್ರ ಕಳಿಸಿದ್ದಾರೆ, ಬೇಗ ಓದು ಎಂದರು. ಮುಂಜಾನೆ ಫೋನು ಅದನ್ನು ಗಟ್ಟಿಯಾಗಿ ಓದಿತ್ತಂತೆ, ಆದರೆ ಫೋನಿನ ಮೇಲೆ ಅವರಿಗೆ ನಂಬಿಕೆ ಇಲ್ಲ.

ಜರ್ಮನಿಯಿಂದ, ಟ್ರೂಡಿಯ ಮಗಳು ಇಂಗ್ಲಿಷಿನಲ್ಲಿ ಬರೆದದ್ದು. ಟ್ರೂಡಿ ಬದುಕಿದ್ದಾರೆ. ಎಂಬತ್ತೇಳು ವರ್ಷ, ಕಿವಿ ಮಂದ, ಕಣ್ಣು ಚೆನ್ನಾಗಿದೆ. ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಎರಡು ದಿನ ಭೂತಗನ್ನಡಿ ಹಿಡಿದು ನೋಡಿದರು. ಈ ತಿದ್ದುಪಡಿಗಳನ್ನು ಕಳಿಸು ಎಂದು ಹೇಳಿದ್ದಾರೆ.

ಒಂದು, ನಮ್ಮ ಮನೆಯ ನಂಬರು ಇಪ್ಪತ್ತೇಳು, ಇಪ್ಪತ್ತಾರಲ್ಲ. ಇಪ್ಪತ್ತಾರು ಪಕ್ಕದವರದ್ದು. ಎರಡು, ಆ ಮೆಶಿನ್ನು ಸರಿಯಾಗಿ ಹೊಲಿಯುತ್ತಲೇ ಇರಲಿಲ್ಲ, ನಾಲ್ಕು ಹೊಲಿಗೆಗೊಮ್ಮೆ ದಾರ ಕಡಿಯುತ್ತಿತ್ತು. ನನ್ನ ಅಮ್ಮ ಅದನ್ನು ಬೈಯದ ದಿನವಿರಲಿಲ್ಲ. ಅದರ ಮೇಲೆ ಹೊಲಿಗೆ ಕಲಿತಳೆಂದರೆ ಲುದ್ಮಿಲಾಗೆ ನಿಜವಾಗಿಯೂ ತಾಳ್ಮೆ ಬಂದಿರಬೇಕು, ಚಿಕ್ಕವಳಿದ್ದಾಗ ಇರಲಿಲ್ಲ.

ಲುದ್ಮಿಲಾ ಕುರ್ಚಿಯಲ್ಲಿ ಕೂತರು. ಭುಜ ಅಲುಗುತ್ತಿತ್ತು. ಹೆದರಿ ನೀರು ತರಲು ಎದ್ದೆ. ನೋಡಿದರೆ ನಗುತ್ತಿದ್ದರು. ಕಣ್ಣೀರೂ ಇತ್ತು.

"ಕಡಿಯುತ್ತಿತ್ತು," ಎಂದರು. "ದೇವರಾಣೆ, ನಾಲ್ಕು ಹೊಲಿಗೆಗೊಮ್ಮೆ."

ಇನ್ನೂ ಒಂದಿದೆ ಎಂದು ಮೂರನೆಯದನ್ನು ಓದಿದೆ. ಪೇರ್ ಮರ ಇದ್ದದ್ದು ಬಾಗಿಲಿನ ಬಲಕ್ಕೆ, ಎಡಕ್ಕಲ್ಲ.

ನಗು ನಿಂತಿತು. "ಎಡಕ್ಕೆ," ಎಂದರು. ಆ ಮರ ಹತ್ತಿ ನಾನು ಬಿದ್ದಿದ್ದೇನೆ, ಬಿದ್ದ ಗಾಯ ಇನ್ನೂ ಇದೆ ಎಂದು ಮೊಣಕೈ ತೋರಿಸಿದರು. ಎಡಕ್ಕೇ ಇತ್ತು, ಅವಳಿಗೆ ಯಾವಾಗಲೂ ಎಡ ಬಲ ಗೊತ್ತಾಗುತ್ತಿರಲಿಲ್ಲ ಎಂದರು. ಹಾಗಾದರೆ ಇದ್ದಲ್ಲೇ ಬಿಡಲೇ ಎಂದು ಕೇಳಿದೆ. ಕೆಳಗೆ ನಿರು ಕಾರಿನಲ್ಲಿ ಕಾಯುತ್ತಿದ್ದಳು.

ಅವರು ಗೋಡೆಯ ಕಡೆ ತಿರುಗಿ, ನನ್ನ ಕೈಯಲ್ಲಿದ್ದ ಲ್ಯಾಪ್‌ಟಾಪನ್ನು ನೋಡಿದರು.

"ಅವಳ ಮನೆ," ಎಂದರು. "ಅವಳ ಮರ. ಬಲಕ್ಕೆ ಹಾಕು."

ನಂಬರು ತಿದ್ದಿದೆ. ಮರವನ್ನು ಹಿಡಿದು ಬಾಗಿಲಿನ ಬಲಕ್ಕೆ ಸರಿಸಿದೆ.